ಕರೆಯಲು ಯಾರೂ ಬರದ ಪಂಚಮಿ

ನಮ್ಮ ರೇಣು ಬಂದಳು! ಸೊರಡಿಯಿಂದ ಒಬ್ಬಳೇ ಬಂದಳು! ಸೊರಡಿಯಲ್ಲಿ ಎಸ್‌ಟಿ ಬಸ್ಸು ಹತ್ತಿದ್ದೂ ಒಬ್ಬಳೇ, ಜತ್ತದಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದದ್ದೂ ಒಬ್ಬಳೇ, ನಮ್ಮ ಬಿಳೂರ ಸ್ಟ್ಯಾಂಡಿನಲ್ಲಿ ಇಳಿದು ಚೀಲ ಹೆಗಲಿಗೆ ಹಾಕಿಕೊಂಡು ಮನೆಯ ತನಕ ನಡೆದು ಬಂದದ್ದೂ ಒಬ್ಬಳೇ. ಪಂಚಮಿಗೆ ತವರಿಗೆ ಹೋಗುವಾಗಲೂ ಹೀಗೆಯೇ ಹೋಗಿದ್ದಳು. ಕರೆಯಲು ಯಾರೂ ಬಂದಿರಲಿಲ್ಲ, ಬಿಡಲು ಯಾರೂ ಹೋಗಿರಲಿಲ್ಲ. ಮಧ್ಯಾಹ್ನದಿಂದ ಈ ಮಾತನ್ನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಕೇಳಿದವರೆಲ್ಲ ನನ್ನ ಮುಖವನ್ನೇ ನೋಡಿದರು.

"ಅದಕ್ಕೇನಾತೀಗ? ನನ್ನ ಮೊಮ್ಮಗಳು ಪುಣೇಕ್ಕ ಒಬ್ಬಾಕೀನ ಹೋಗಿ ಬರ್ತಾಳ. ಸೊರಡಿಗೆ ಹೋಗಿ ಬಂದಿದ್ದಕ್ಕ ಇಷ್ಟ್ಯಾಕ ಕುಣೀತೀ ಯಕ್ಕಾ?" ಎಂದಳು ಎದುರು ಮನೆಯ ಪಾರವ್ವ.

"ಕುಣೀತೀನಿ. ಕಾಲು ನನ್ನವು, ಅಂಗಳಾನೂ ನಂದ" ಎಂದೆ.

ರೇಣು ನನ್ನ ಮೊಮ್ಮಗ ಮಲ್ಲುವಿನ ಹೆಂಡತಿ. ಮದುವೆಯಾಗಿ ಎರಡು ವರ್ಷ ದಾಟಿತು. ಮನೆಯಲ್ಲಿ ನಾನು, ನನ್ನ ಮಗ ಬಸಪ್ಪ, ಸೊಸೆ ಕಸ್ತೂರಿ, ಮಲ್ಲು ಮತ್ತು ರೇಣು. ಜೋಳ, ತೊಗರಿ, ಒಂದಿಷ್ಟು ದಾಳಿಂಬೆ ಇದೆ. ಮಲ್ಲುವಿಗೆ ಒಂದು ಟೆಂಪೊ ಇದೆ, ಊರವರ ದಾಳಿಂಬೆ ಹೇರಿಕೊಂಡು ಪೇಟೆಗೆ ಹೋಗುತ್ತಾನೆ. ನಾನು ಕಲಿತದ್ದು ಮೂರನೇ ಇಯತ್ತೆ, ಅದೂ ಕನ್ನಡ ಸಾಲೆಯಲ್ಲಿ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ರೇಣು ಬಂದವಳೇ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಶೇಂಗಾದ ಉಂಡೆ. ಹುರಿದ ಶೇಂಗಾ, ಬೆಲ್ಲ, ಏಲಕ್ಕಿ ಕೂಡಿದ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಹೋದ ವರ್ಷದ ಶ್ರಾವಣ ಬಂದು ಕಣ್ಣೆದುರು ನಿಂತಿತು. ಆ ಶ್ರಾವಣದಲ್ಲಿ ಇದೇ ವಾಸನೆಯ ನಡುವೆ ನಾವೆಲ್ಲ ಒಬ್ಬರನ್ನೊಬ್ಬರು ಕಳ್ಳರ ಹಾಗೆ ನೋಡುತ್ತ ಓಡಾಡಿದ್ದೆವು.

ಹೋದ ವರ್ಷ ಮಳೆ ನಮ್ಮ ಕಡೆ ಬರಲೋ ಬೇಡವೋ ಎನ್ನುತ್ತಲೇ ಬಂತು. ದಿನವೂ ಸಂಜೆ ಮೋಡ ಬಂದು, ಬಿಳೂರನ್ನು ಒಮ್ಮೆ ನೋಡಿ, ಗಡಿ ದಾಟಿ ಕರ್ನಾಟಕದ ಕಡೆ ಹೊರಟು ಹೋಗುತ್ತಿತ್ತು. ಹಾಳಾದ ಸೆಕೆ. ಆ ವರ್ಷದ ಬೇಸಿಗೆಯಿಂದಲೇ ಹುಡುಗಿ ಹೊರಗೆ ಹೋಗುವುದನ್ನು ಕಡಿಮೆ ಮಾಡಿದ್ದಳು. ಸಂತೆಗೆ ಕರೆದರೆ ತಲೆನೋವು. ಹೊಲಕ್ಕೆ ಹೋದರೆ ಕಸ್ತೂರಿಯ ಬೆನ್ನಿಗಂಟಿಕೊಂಡೇ ಹೋಗಬೇಕು. ಯಾರದಾದರೂ ಮದುವೆಗೆ ಹೋದರೆ ನಡುವೆ ಕೂರುವವಳಲ್ಲ, ಮಂಟಪದ ಕೊನೆಗೆ, ಹೊರಬೀಳುವ ದಾರಿಯ ಹತ್ತಿರವೇ ಕೂರುವಳು. ನೋಡಿದವರೆಲ್ಲ ಹೊಗಳಿದರು. "ಎಂಥಾ ಮರ್ಯಾದಿ ಹುಡುಗಿ ತಂದೀರಿ! ಹೊಸ್ತಿಲಾ ದಾಟಂಗಿಲ್ಲ ನೋಡ್ರಿ" ಎಂದರು. ನಾನು ಉಬ್ಬಿ ಹೋದೆ. ಪಾರವ್ವನ ಮುಂದೆ, ಗಿರಣಿಯ ಮುಂದೆ, ನಳದ ಮುಂದೆ ಅದನ್ನೇ ಹೇಳಿದೆ. ಅದು ಕಾಯಿಲೆಯೆಂದು ಆಗ ತಿಳಿಯಲಿಲ್ಲ. ಇಂಥ ಕಾಯಿಲೆಗೆ ನಮ್ಮಂಥ ಊರು ಸಿಕ್ಕರೆ ಅಡಗಲು ಬೇರೆ ಜಾಗ ಬೇಕಿಲ್ಲ. ಗಂಡಸು ಮನೆ ಹಿಡಿದು ಕೂತರೆ ನಾಲ್ಕು ದಿನದಲ್ಲಿ ಊರು ಯಾಕೆ ಎಂದು ಕೇಳುತ್ತದೆ. ಸೊಸೆ ಕೂತರೆ ಆರತಿ ಎತ್ತುತ್ತದೆ.

ಆಮೇಲೆ ಪಂಚಮಿ ಬಂತು. ನಮ್ಮಲ್ಲಿ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಪ್ಪನೋ ಅಣ್ಣನೋ ಕರೆಯಲು ಬರಬೇಕು. ಬರುವುದು ಒಂದು ದಿನ ತಡವಾದರೆ ಹೆಣ್ಣಿಗೆ ಅನ್ನ ಇಳಿಯುವುದಿಲ್ಲ. ರೇಣುವಿನ ಅಪ್ಪ ಸೊರಡಿಯಿಂದ ಬಂದರು, ಕಟ್ಟೆಯ ಮೇಲೆ ಕೂತು ಟವೆಲ್ಲಿನಿಂದ ಬೆವರು ಒರೆಸಿಕೊಂಡರು. ಇವಳು ಒಳಗಿನಿಂದ ಹೊರಗೇ ಬರಲಿಲ್ಲ.

"ಜ್ವರಾ ಬಂದಾವಂತ್ರಿ" ಎಂದಳು ಕಸ್ತೂರಿ.

ನಾನು ಒಳಗೆ ಹೋಗಿ ಹಣೆ ಮುಟ್ಟಿದೆ. ಕೊಡದ ನೀರಿನ ಹಾಗೆ ತಣ್ಣಗಿತ್ತು.

"ಎಲ್ಲೈತಿ ಜ್ವರಾ?"

"ಒಳಜ್ವರಾ ಆಯಿ" ಎಂದಳು. ನಮ್ಮ ಮನೆಯಲ್ಲಿ ಅಜ್ಜಿಯನ್ನು ಆಯಿ ಎನ್ನುತ್ತಾರೆ.

"ಮಗಾ, ನಿಮ್ಮವ್ವ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿಸ್ಯಾಳ. ಹೋದ ವರ್ಷ ಎಷ್ಟ್ ಎತ್ತರ ಜೀಕಿದ್ದಿ, ನೆಪ್ಪೈತಿಲ್ಲ?" ಎಂದು ಅಪ್ಪ ಹೊರಗಿನಿಂದಲೇ ಕೂಗಿ ಕೇಳಿದರು. ಒಳಗೆ ಹುಡುಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಬೀಗರು ಚಹಾ ಕುಡಿದು, ಸಣ್ಣ ಮುಖ ಮಾಡಿಕೊಂಡು, ಖಾಲಿ ಕೈಯಲ್ಲಿ ಎಸ್‌ಟಿ ಹತ್ತಿದರು.

ಅಲ್ಲಿಂದ ಶುರುವಾಯಿತು. ನನಗೆ ಸಂಶಯ ಹುಟ್ಟಿನಿಂದಲೇ ಬಂದದ್ದು. ಹಾಲಿನವನ ಮೇಲೆ, ತೂಕದ ಕಲ್ಲಿನ ಮೇಲೆ, ಬೆಳಿಗ್ಗೆ ನಗುತ್ತ ಮಾತಾಡಿಸಿದವರ ಮೇಲೆ, ಎಲ್ಲರ ಮೇಲೂ ಸಂಶಯ. ಪಾರವ್ವ ಬೇರೆ ಗಾಳಿ ಹಾಕಿದಳು. "ತವರಿಗೆ ಒಲ್ಲೆ ಅನ್ನೂ ಹೆಣ್ಣಾ ನಾ ಈ ಜನ್ಮದಾಗ ನೋಡಿಲ್ಲ ಯಕ್ಕಾ. ಆ ಊರಾಗ ಏನೋ ಐತಿ. ಯಾರೋ ಅದಾರ."

ಯಾರಿರಬಹುದು? ಹಳೆಯ ಹುಡುಗ ಯಾವನಾದರೂ ಇದ್ದಾನೆಯೇ? ಅಪ್ಪನೇ ಏನಾದರೂ ಅಂದನೇ? ಮದುವೆಯಲ್ಲಿ ನಮ್ಮಿಂದ ಏನಾದರೂ ಮುಚ್ಚಿಟ್ಟರೇ? ಅವಳ ಫೋನು ಗಂಟೆ ಹೊಡೆದರೆ ನಾನು ಜೋಳ ಹಸನು ಮಾಡುವುದನ್ನು ನಿಲ್ಲಿಸಿ ಕಿವಿ ಕೊಡುತ್ತಿದ್ದೆ. ಬರುತ್ತಿದ್ದದ್ದು ಅವಳ ಅವ್ವನ ಫೋನೇ. ಅದೂ ಸಂಶಯವೇ! ದಿನವೂ ಅವ್ವನ ಜೊತೆ ಮಾತಾಡುವವಳು ಅವ್ವನ ಮನೆಗೆ ಯಾಕೆ ಹೋಗಲೊಲ್ಲಳು?

ಮಲ್ಲುವನ್ನು ಹಿತ್ತಲಿಗೆ ಕರೆದು ಕೇಳಿದೆ. "ಖರೇ ಹೇಳು, ಬಡದೀ ಏನ?"

"ಆಯಿ, ನಿನಗ ತಲಿ ಕೆಟ್ಟೈತಿ ಏನ? ಆಕೀ ಸಿಟ್ಟಾದ್ರ ನಾನ ಟೆಂಪೊದಾಗ ಹೋಗಿ ಮಲಗ್ತೀನಿ" ಎಂದ.

"ಮತ್ತ ಯಾಕ ತವರಿಗೆ ಒಲ್ಲೆ ಅಂತಾಳ?"

"ನನಗೂ ಹೇಳಂಗಿಲ್ಲ" ಎಂದು ನೆಲ ನೋಡಿದ. ಅವನ ಕಣ್ಣಲ್ಲೂ ಸಂಶಯ ಕಂಡಿತು. ಅದು ನನ್ನ ಸಂಶಯಕ್ಕಿಂತ ಕೆಟ್ಟದ್ದು. ಗಂಡನದು.

ಒಂದು ದಿನ ಮೊರ ಎತ್ತಲು ಬಗ್ಗಿದಾಗ ಅವಳ ಸೀರೆಯ ಮಡಿಲಿನಿಂದ ಒಂದು ನಿಂಬೆಹಣ್ಣು ಜಾರಿ ಬಿದ್ದು, ಉರುಳಿ, ನನ್ನ ಕಾಲ ಬಳಿ ಬಂದು ನಿಂತಿತು. ಕಸ್ತೂರಿ ಕಿಟಾರನೆ ಚೀರಿದಳು. ಹೊಸ ಸೊಸೆಯ ಮಡಿಲಲ್ಲಿ ಬಚ್ಚಿಟ್ಟ ನಿಂಬೆಹಣ್ಣು! ಕರಣಿ, ಮಾಟ ಎನ್ನದೆ ಏನೆನ್ನಬೇಕು? ಇಲ್ಲವೇ ಯಾರೋ ಇವಳಿಗೆ ಮಾಡಿಸಿದ್ದಾರೆ, ಇಲ್ಲವೇ ಇವಳೇ ನಮಗೆ ಮಾಡಿಸಿದ್ದಾಳೆ. ನಾನು ಒಲೆಯ ಇಕ್ಕಳದಲ್ಲಿ ಅದನ್ನು ಹಿಡಿದುಕೊಂಡು ಹೋಗಿ ಮೂರು ದಾರಿ ಕೂಡುವಲ್ಲಿ ಒಗೆದು, ಹಿಂತಿರುಗಿ ನೋಡದೆ ಬಂದೆ. ಬರುವಷ್ಟರಲ್ಲಿ ಹುಡುಗಿ ಗೋಡೆಗೆ ಒರಗಿ ಬಿಳುಚಿಕೊಂಡಿದ್ದಳು. ಅದನ್ನೂ ತಪ್ಪಿತಸ್ಥರ ಮುಖವೆಂದೇ ತಿಳಿದೆ. ಮರುದಿನ ಬುಟ್ಟಿಯಿಂದ ಮತ್ತೊಂದು ನಿಂಬೆ ಕಾಣೆಯಾಗಿತ್ತು.

ಆ ಸಂಜೆ ಬಸಪ್ಪ ಊಟಕ್ಕೆ ಕೂರಲಿಲ್ಲ. "ಸೊರಡಿ ಮಂದೀನ ಕರಸ್ತೀನಿ. ನಾಕ ಮಂದಿ ಮುಂದ ಮಾತಾಗ್ಲಿ. ಹುಡುಗಿಗೆ ಇಲ್ಲಿ ಮನಸಿಲ್ಲಂದ್ರ ಕರಕೊಂಡ ಹೋಗ್ಲಿ" ಎಂದ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಮಲ್ಲು ಏನೂ ಅನ್ನಲಿಲ್ಲ. ಅವನು ಅನ್ನದೆ ಇದ್ದದ್ದೇ ನನ್ನ ಎದೆಗೆ ನಾಟಿತು. ಸಂಸಾರ ಮುರಿಯುವುದು ಜಗಳದಿಂದಲ್ಲ, ಹೀಗೆ ಸುಮ್ಮನಿರುವುದರಿಂದ.

"ಕರಸಾಕ ಲಗೂ ಮಾಡಬ್ಯಾಡ. ಮೊದಲ ನಾ ಪತ್ತೆ ಹಚ್ಚತೀನಿ" ಎಂದೆ.

ಹೂಡಿದ ಉಪಾಯ ಇದು: ಬಳೆ ತೊಡಿಸುತ್ತೇನೆ ಎಂದು ಜತ್ತಕ್ಕೆ ಕರೆದೊಯ್ಯುವುದು. ಸ್ಟ್ಯಾಂಡಿನಲ್ಲಿ ಯಾವನಾದರೂ ಇವಳನ್ನು ನೋಡಿ ಕಣ್ಣು ಮಿಟುಕಿಸುತ್ತಾನೋ, ಇವಳು ಯಾರಿಗಾದರೂ ಮುಖ ಮರೆಸುತ್ತಾಳೋ ನೋಡುವುದು. ಹುಡುಗಿ ಒಲ್ಲೆ ಎಂದಳು. ಕೈ ಮುಗಿದಳು. ಮುಗಿದಷ್ಟೂ ನನಗೆ ಖಾತ್ರಿಯಾಯಿತು. ರಟ್ಟೆ ಹಿಡಿದು ಎಸ್‌ಟಿ ಹತ್ತಿಸಿದೆ.

ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಲೆಯ ಹುಡುಗಿಯರು, ಕೋಳಿ ಹಿಡಿದವರು, ಹಬ್ಬದ ಚೀಲಗಳು. ಊರು ದಾಟಿ ಸ್ವಲ್ಪವೇ ಹೋಗಿದ್ದೆವು, ನನ್ನ ಕೈಯಲ್ಲಿದ್ದ ಅವಳ ಕೈ ಮಂಜುಗಡ್ಡೆಯಾಯಿತು. ತಿರುಗಿ ನೋಡಿದರೆ ಹಣೆ, ಕುತ್ತಿಗೆ, ತುಟಿಯ ಮೇಲೆಲ್ಲ ಬೆವರು. ನಾಯಿ ತೇಕಿದ ಹಾಗೆ ತೇಕುತ್ತಿದ್ದಳು. ಕಣ್ಣು ಮಾತ್ರ ಬಾಗಿಲ ಮೇಲೆ ನೆಟ್ಟಿತ್ತು.

"ಆಯಿ, ಇಳಸ್ರಿ. ಎದಿ ಒಡೀತೈತಿ. ನಾ ಸಾಯ್ತೀನ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಇಳಸ್ರಿ!"

ಎಷ್ಟೋ ಹೆರಿಗೆ ನೋಡಿದವಳು ನಾನು. ಎಷ್ಟೋ ಸಾವು ನೋಡಿದವಳು. ಈ ಹೆದರಿಕೆ ನಾಟಕದ್ದಲ್ಲ ಎಂದು ಆ ಕ್ಷಣ ತಿಳಿಯಿತು. ಕಂಡಕ್ಟರನ ಮೇಲೆ ಕೂಗಾಡಿ ಗಾಡಿ ನಿಲ್ಲಿಸಿದೆ. ಇಬ್ಬರೂ ಬಟಾಬಯಲಿನಲ್ಲಿ ಇಳಿದೆವು. ದಾರಿಯ ಬದಿಗೆ ಒಂದು ಬೇವಿನ ಮರ, ಅದರಾಚೆ ಯಾರೋ ಬಿತ್ತಿ ಮಳೆಗೆ ಕಾದಿದ್ದ ಹೊಲ. ಮರದ ಕೆಳಗೆ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಉಸಿರು ನಿಧಾನವಾಗಿ ಹದಕ್ಕೆ ಬಂತು. ಆಮೇಲೆ ಅವಳಾಗಿಯೇ ಹೇಳಿದಳು.

ಬೇಸಿಗೆಯಲ್ಲಿ ಒಮ್ಮೆ ಜತ್ತದ ಸಂತೆಯಿಂದ ತುಂಬಿದ ಗಾಡಿಯಲ್ಲಿ ಬರುವಾಗ ಹೀಗೇ ಆಗಿತ್ತಂತೆ. ಎದೆ ಡೊಳ್ಳಿನಂತೆ ಬಡಿದು, ಬೆರಳು ಜೋಮು ಹಿಡಿದು, ಗಂಟಲು ಕಟ್ಟಿ, ಇಲ್ಲೇ ಸತ್ತೆ ಎನಿಸಿತಂತೆ. ಹತ್ತಿರ ನಿಂತಿದ್ದ ಯಾರೋ ಹೆಂಗಸು ಮೂಸಲು ಒಂದು ನಿಂಬೆಹಣ್ಣು ಕೊಟ್ಟಳಂತೆ. ಅಂದಿನಿಂದ ಮಡಿಲಲ್ಲಿ ನಿಂಬೆ! ಅಂದಿನಿಂದ ಮತ್ತೆ ಅದೇ ಬಂದರೆ, ಇಳಿಯಲು ಆಗದ ಕಡೆ ಬಂದರೆ, ನಮ್ಮವರು ಯಾರೂ ಇಲ್ಲದ ಕಡೆ ಬಂದರೆ ಎಂಬ ಒಂದೇ ಚಿಂತೆ. ಮೊದಲು ಬಸ್ಸು ಬಿಟ್ಟಳು, ಆಮೇಲೆ ಸಂತೆ, ಆಮೇಲೆ ಗಿರಣಿ, ನಳ. ಬಿಟ್ಟಷ್ಟೂ ಹೆದರಿಕೆ ಮನೆಯ ಹತ್ತಿರ ಹತ್ತಿರ ಬಂತು.

"ತವರಿಗೆ ಹೋಗೂ ಆಸೆ ಇಲ್ಲೇನ ನಿನಗ?"

"ದಿನಾ ಕನಸಿನ್ಯಾಗ ಹೋಗ್ತೀನ್ರಿ ಆಯಿ. ಕನಸಿನ್ಯಾಗ ಬಸ್ ಇರಂಗಿಲ್ಲ, ನೆಟ್ಟಗ ಅವ್ವನ ಅಡಗಿಮನ್ಯಾಗ ಇರ್ತೀನಿ."

"ಮತ್ತ ನಮಗ ಹೇಳಾಕೇನಾಗಿತ್ತು ನಿನಗ?"

"ಹೊರಗ ಹೋಗಂಗಿಲ್ಲ ಅಂತ ಎಲ್ಲಾರ ಮುಂದ ನನ್ನ ಹೊಗಳ್ತಿದ್ರಿ. ಹೆಂಗ ಹೇಳ್ಲಿ?"

ಅವಳ ಹಣೆಯ ಬೆವರನ್ನು ನನ್ನ ಸೆರಗಿನಿಂದ ಒರೆಸಿದೆ. ಮಲ್ಲುವಿಗೆ ಫೋನು ಮಾಡಿಸಿದೆ, ಅವನು ಟೆಂಪೊ ತಂದ. ಹೆಂಡತಿಯನ್ನು ನೋಡಿದವನೇ ಕೆಳಗೆ ಜಿಗಿದು ಓಡಿ ಬಂದ. ಅವನ ಸಂಶಯದ ಮುಖ ಅಲ್ಲಿಯೇ ಆ ಮರದ ಕೆಳಗೆ ಉಳಿಯಿತು.

ನನ್ನದು ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಎದೆಯ ರೋಗವಿರಬೇಕು ಎಂದು ಜತ್ತದ ಒಂದು ದವಾಖಾನೆಗೆ ಟೆಂಪೊದಲ್ಲೇ ಕರೆದೊಯ್ದೆವು. ಎದೆಗೆ ವೈರು ಹಚ್ಚಿ ಕಾಗದ ತೆಗೆದು, ಏನೂ ಇಲ್ಲ ಎಂದರು. ಏನೂ ಇಲ್ಲ ಎಂದರೆ ಏನು? ಬಸಪ್ಪ ಮತ್ತೆ ಮುಖ ಗಂಟು ಹಾಕಿದ. "ಡಾಕ್ಟರ್ ಏನೂ ಇಲ್ಲಂದ್ರು ಅಂದ್ರ ಇದೆಲ್ಲಾ ಸೋಗು" ಎಂದ. ಅಂದೇ ಮನೆ ಮನೆ ತಿರುಗುತ್ತ ಬಂದ ಆಶಾ ಕೆಲಸದ ಸುರೇಖಾ ಇದನ್ನು ಕೇಳಿಸಿಕೊಂಡು ಕಟ್ಟೆಯ ಮೇಲೆ ಕೂತಳು.

"ಕಾಕಾ, ಎದಿ ಗಟ್ಟಿ ಐತಿ ಅಂದಾರ. ತ್ರಾಸ ಸುಳ್ಳ ಅಂದಿಲ್ಲ. ಸರಕಾರಿ ದವಾಖಾನಿಗೆ ಮನಸಿನ ಡಾಕ್ಟರ್ ಬರ್ತಾರ. ಒಮ್ಮಿ ತೋರಸ್ರಿ."

"ಹುಚ್ಚರ ಡಾಕ್ಟರೇನ?" ಎಂದೆ ನಾನು.

"ನಿದ್ದಿ ಬರದವ್ರು, ಹೆದರಿದವ್ರು, ಕುಡಿಯೂದು ಬಿಡಾಕ ಆಗದವ್ರು, ಎಲ್ಲಾರೂ ಹೋಗ್ತಾರ ಆಯಿ. ನಿಮ್ಮ ಸಂಶೇಕ್ಕೂ ಔಷಧ ಐತೇನೋ ಕೇಳಿ ಬರ್ರಿ" ಎಂದಳು. ಕಸ್ತೂರಿ ಸೆರಗು ಅಡ್ಡ ಹಿಡಿದು ನಕ್ಕಳು. ಎಷ್ಟೋ ದಿನದ ಮೇಲೆ ನಮ್ಮ ಮನೆಯಲ್ಲಿ ಯಾರೋ ನಕ್ಕದ್ದು.

ಸರಕಾರಿ ದವಾಖಾನೆಯ ಡಾಕ್ಟರಬಾಯಿ ತೀರ ಚಿಕ್ಕವಳು. ಕೊರಳಲ್ಲಿ ಏನಿಲ್ಲ, ಕಿವಿಯಲ್ಲಿ ಏನಿಲ್ಲ. ಇವಳಿಗೇನು ತಿಳಿದೀತು ಎಂದು ಬಾಗಿಲಲ್ಲೇ ಸಂಶಯಪಟ್ಟೆ. ಅವಳು ಮರಾಠಿಯಲ್ಲಿ ರೇಣುವನ್ನು ಕೇಳಿದ ಒಂದೊಂದು ಪ್ರಶ್ನೆಗೂ ನಾನೇ ಉತ್ತರ ಹೇಳಿದೆ. ಕಡೆಗೆ ಪೆನ್ನು ಕೆಳಗಿಟ್ಟು ನಕ್ಕು, "ಆಜಿ, ಹೆದರಿಕೆ ಅವಳದು. ಅವಳೇ ಹೇಳಲಿ" ಎಂದಳು. ಹುಡುಗಿ ಹೇಳತೊಡಗಿದಳು. ನಮಗೆ ಹೇಳದೆ ಇದ್ದದ್ದನ್ನೂ ಹೇಳಿದಳು. ಸ್ನಾನಕ್ಕೆ ಹೋದಾಗಲೂ ಒಳಗಿನ ಚಿಲಕ ಹಾಕುತ್ತಿರಲಿಲ್ಲವಂತೆ. ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ಡಾಕ್ಟರಬಾಯಿ ಆ ಕಾಯಿಲೆಗೆ ಒಂದು ಇಂಗ್ಲಿಷ್ ಹೆಸರು ಹೇಳಿದಳು, ಅಗೊರಾಫೋಬಿಯಾ ಎಂದು. ನನ್ನ ನಾಲಿಗೆಗೆ ಅದು ಹೊರಳುವುದಿಲ್ಲ, ಮಲ್ಲುವಿನಿಂದ ಬರೆಸಿಕೊಂಡಿದ್ದೇನೆ. ತಟ್ಟನೆ ಹೊರಬೀಳಲು ಆಗದ ಜಾಗ, ಏನಾದರೂ ಆದರೆ ಕೈ ಹಿಡಿಯುವವರು ಇಲ್ಲದ ಜಾಗ, ಅಂಥ ಜಾಗಗಳ ಭಯ. ಬಹಳ ಜನಕ್ಕೆ ಇರುತ್ತದಂತೆ, ಗಂಡಸರಿಗೂ ಇರುತ್ತದಂತೆ.

"ಹುಚ್ಚೇನ್ರಿ ಬಾಯಿ?"

"ಅಲ್ಲ."

"ಕರಣಿ?"

"ಅಲ್ಲ ಆಜಿ."

"ಮತ್ತೆ ನೀವು ಬರೆದುಕೊಟ್ಟ ಈ ಗುಳಿಗೆ ನಿದ್ದೆ ಬರಿಸಿ ಮಲಗಿಸುವಂಥದ್ದೇ? ಜನ್ಮ ಪೂರ್ತಿ ನುಂಗಬೇಕೇ?"

"ಹೆದರಿಕೆಯ ಕಾವು ಇಳಿಸಲು ಕೆಲವು ತಿಂಗಳು. ನಾನು ಹೇಳುವ ತನಕ ಬಿಡಬಾರದು. ಆದರೆ ಗುಳಿಗೆಯೊಂದರಿಂದಲೇ ಆಗುವುದಿಲ್ಲ." ನಮ್ಮ ಮನೆಯಲ್ಲಿ ನಾಯಿ ಇದೆಯೇ ಎಂದು ಕೇಳಿದಳು. ಇದೆ ಎಂದೆ. ಇದೇಕೆ ಕೇಳಿದಳೆಂದು ಅದರ ಮೇಲೂ ಸಂಶಯ ಬಂತು. "ಕೆಲವು ನಾಯಿ ಗಾಳಿಗೆ ಎಲೆ ಅಲುಗಿದರೂ ಕಳ್ಳ ಬಂದ ಹಾಗೆ ಬೊಗಳುತ್ತವೆ. ಅದು ಬೊಗಳಿದಾಗೆಲ್ಲ ನೀವು ಒಳಗೆ ಓಡಿ ಕದ ಹಾಕಿಕೊಂಡರೆ, ನಾನೇ ಇವರನ್ನು ಉಳಿಸಿದೆ ಎಂದುಕೊಂಡು ಅದು ಮರುದಿನ ಇನ್ನೂ ಜೋರಾಗಿ ಬೊಗಳುತ್ತದೆ. ಇವಳ ಎದೆಯೊಳಗಿನ ನಾಯಿ ಹಾಗೆ. ಬೊಗಳಲಿ. ಇವಳು ಅಲ್ಲೇ ನಿಲ್ಲಬೇಕು. ತಾನಾಗಿ ಸುಮ್ಮನಾಗುತ್ತದೆ." ಇದನ್ನು ಹೇಳುವಾಗ ಅವಳು ನನ್ನನ್ನು ಯಾಕೆ ನೋಡಿದಳೋ!

ನಡುವೆ ಒಂದು ಮಾತು ಹೇಳಿದಳು, ಅದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಮನೆಯವರು ಜೊತೆಗೆ ಹೋಗುವುದು, ಕೈ ಹಿಡಿಯುವುದು, ಅವಳ ಕೆಲಸ ತಾವೇ ಮಾಡುವುದು, ಇವೂ ಕದ ಹಾಕಿಕೊಂಡ ಹಾಗೆಯೇ ಅಂತೆ. ಮೊದಲು ಜೊತೆಗಿರಬಹುದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ದೂರ ಸರಿಯಬೇಕು. ನಿಂಬೆಹಣ್ಣನ್ನೂ ಬಿಡಬೇಕು.

ಮಳೆ ಕೊನೆಗೂ ಭಾದ್ರಪದದಲ್ಲಿ ಬಿತ್ತು. ಕರಿನೆಲ ಕಾಲಿಗೆ ಅಂಟತೊಡಗಿದಾಗ ನಮ್ಮ ರೇಣು ನಳಕ್ಕೆ ಹೋಗತೊಡಗಿದಳು. ಮೊದಲು ಕಸ್ತೂರಿ ಪಕ್ಕದಲ್ಲಿ, ಆಮೇಲೆ ಹಿಂದೆ, ಆಮೇಲೆ ನಮ್ಮ ಕಟ್ಟೆಯ ಮೇಲೆ. ಗಿರಣಿಗೆ ಹೋದ ಮೊದಲ ದಿನ ಹಿಟ್ಟಿನ ಡಬ್ಬಿ ಅಲ್ಲೇ ಬಿಟ್ಟು ಓಡಿ ಬಂದಳು, ಕದ ಹಾಕಿಕೊಂಡು ಅತ್ತಳು. "ನನ್ನಿಂದ ಆಗಂಗಿಲ್ಲ, ನನ್ನ ಬಿಟ್ಟಬಿಡ್ರಿ" ಎಂದಳು. ಬಸಪ್ಪ ತಾನೇ ಹೋಗಿ ಡಬ್ಬಿ ತಂದ. ಮರುದಿನ ಜೋಳ ತುಂಬಿ ಅದೇ ಡಬ್ಬಿಯನ್ನು ಅವಳ ಮುಂದೆ ಇಟ್ಟು, "ಹಿಟ್ಟ ನುಣ್ಣಗ ಬೀಸಸಿಕೊಂಡ ಬಾ ಯವ್ವಾ, ನಿನ್ನೀದು ದಪ್ಪ ಇತ್ತು" ಎಂದ. ಸೊರಡಿಯವರನ್ನು ಕರೆಸುತ್ತೇನೆ ಎಂದವನು ಇವನೇ ಏನು ಎಂದು ಅವನನ್ನೂ ಅನುಮಾನದಿಂದ ನೋಡಿದೆ. ಅವಳು ಹೋದಳು. ನಡುಗುತ್ತ ನಿಂತಳು. ಹಿಟ್ಟು ಬೀಳುವ ತನಕ ನಿಂತು ಬಂದಳು.

ಚಳಿಗಾಲಕ್ಕೆ ಎಸ್‌ಟಿ ಸ್ಟ್ಯಾಂಡಿನ ತನಕ ಬಂದಿತ್ತು ಅವಳ ದಾರಿ. ಸುಮ್ಮನೆ ಹೋಗಿ ಕೂರುವುದು, ಗಾಡಿ ಬಂದು ಹೋಗುವುದನ್ನು ನೋಡುವುದು. ಒಬ್ಬ ಕಂಡಕ್ಟರ್ ಕೇಳಿದನಂತೆ, "ಏನ್ ತಂಗಿ, ದಿನಾ ಗಾಡಿ ನೋಡಾಕ ಬರ್ತೀ, ಕೊಳ್ಳಾಕಿ ಏನ?" ಎಂದು. ಅದನ್ನು ಮನೆಗೆ ಬಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಮಾತ್ರ ಆ ಕಂಡಕ್ಟರ್ ಯಾರು, ಮದುವೆಯಾಗಿದೆಯೇ ಎಂದು ವಿಚಾರಿಸಿದೆ.

ಆಮೇಲೆ ಒಂದು ದಿನ ಮುಂದಿನ ಊರಿನ ತನಕ ಒಬ್ಬಳೇ ಹೋಗಿ ಬರುತ್ತೇನೆ ಎಂದಳು. ಮಲ್ಲು ಹೂಂ ಎಂದ, ಕಸ್ತೂರಿ ಹೂಂ ಎಂದಳು. ನಾನೂ ಹೂಂ ಎಂದೆ. ಎಂದು, ಅವಳಿಗಿಂತ ಮೊದಲೇ ಸ್ಟ್ಯಾಂಡಿಗೆ ಹೋಗಿ, ಸೆರಗು ಮುಖಕ್ಕೆ ಎಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಬಿಡಲು ಹೇಗೆ ಬರುತ್ತದೆ? ಹುಡುಗಿ ಬಿದ್ದರೆ? ಯಾವನಾದರೂ ಹಿಂಬಾಲಿಸಿದರೆ? ಅವಳು ಹತ್ತಿದಳು, ಮುಂದೆ ಕೂತಳು. ಗಾಡಿ ಇನ್ನೂ ಹೊರಟಿರಲಿಲ್ಲ. ಯಾರೋ ನನ್ನ ಕಾಲು ತುಳಿದರು, ನಾನು ಬೈದೆ. ಬೈದದ್ದೇ ತಪ್ಪಾಯಿತು, ಅವಳಿಗೆ ದನಿಯ ಗುರುತು ಸಿಕ್ಕಿತು. ಎದ್ದು ನನ್ನ ಹತ್ತಿರವೇ ಬಂದು ನಿಂತಳು.

"ಆಯಿ, ಇಳೀರಿ."

"ನಾ ಬ್ಯಾರೆ ಕೆಲಸಕ್ಕ ಹೊಂಟೀನಿ" ಎಂದೆ.

"ಇಳೀರಿ ಆಯಿ. ನೀವು ಇದ್ರ ನಾ ಹೋಗ್ತೀನಿ, ಅದು ನನಗೂ ಗೊತ್ತೈತಿ. ನೀವು ಇಲ್ದ ಹೋಗ್ತೀನೋ ಇಲ್ಲೋ ಅನ್ನೂದು ನನಗ ಗೊತ್ತಾಗಬೇಕಲ್ಲರಿ?"

ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದಳು. ದನಿ ನಡುಗಲಿಲ್ಲ. ಗಾಡಿಯ ಜನವೆಲ್ಲ ನೋಡುತ್ತಿದ್ದರು. ಈ ಮನೆಗೆ ಬಂದ ಮೇಲೆ ನನಗೆ ಎದುರಾಡಿದ ಮೊದಲ ಮಾತು ಅದು. ಇಳಿದೆ. ಧೂಳೆಬ್ಬಿಸಿಕೊಂಡು ಹೋದ ಗಾಡಿಯನ್ನು ನೋಡುತ್ತ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ಅವಳ ನಾಯಿ ಸುಮ್ಮನಾಯಿತೋ ಇಲ್ಲವೋ, ನನ್ನದು ಬೊಗಳುತ್ತಲೇ ಇತ್ತು. ತಿರುಗಿ ಬಂದ ಗಾಡಿಯಿಂದ ಅವಳು ಇಳಿದಾಗ ಮುಖ ಬಿಳುಚಿತ್ತು, ರವಿಕೆ ಬೆವರಿಗೆ ತೊಯ್ದಿತ್ತು, ಆದರೆ ನಗುತ್ತಿದ್ದಳು.

ಹೀಗೆ ಹೋಗಿ, ಬಂದು, ನಡುವೆ ಒಂದೆರಡು ಸಲ ಅರ್ಧ ದಾರಿಯಲ್ಲಿ ಇಳಿದು, ಮತ್ತೆ ಹತ್ತಿ, ಈ ವರ್ಷದ ಪಂಚಮಿ ಬಂತು. ಬೀಗರು ಕರೆಯಲು ಬರುತ್ತೇನೆಂದು ಫೋನು ಮಾಡಿದರು. "ಬರಬ್ಯಾಡಪಾ. ನಾನ ಬರ್ತೀನಿ" ಎಂದಳು ಇವಳು. ಆ ಕಡೆ ಅವ್ವನಿಗೆ ಗಾಬರಿ, ಈ ಕಡೆ ಬಸಪ್ಪನಿಗೆ ಗಾಬರಿ. ಪಂಚಮಿಗೆ ಕರೆಯಲು ಯಾರೂ ಬಾರದ ಹೆಣ್ಣು ಎಂದರೆ ತವರಿಲ್ಲದವಳು ಎಂದೇ ಲೆಕ್ಕ. ಪಾರವ್ವ ತಡೆದುಕೊಂಡಾಳೆಯೇ? "ಸೊರಡಿಯವ್ರು ಮಗಳ ಕೈ ಬಿಟ್ರೇನ ಯಕ್ಕಾ?" ಎಂದಳು.

"ಕೈ ಬಿಟ್ಟಿಲ್ಲ. ಕೈ ಹಿಡೀಲಾರದ ನಡಿಯಾಕ ಬಿಟ್ಟಾರ" ಎಂದೆ. ಹೇಳಿದ್ದು ಹೇಳಿದೆ, ಆದರೆ ಅವಳು ಹೋದ ದಿನ ನನಗೆ ಜೀವದಲ್ಲಿ ಜೀವವಿರಲಿಲ್ಲ. ಮೋಡ ಕವಿದಿತ್ತು. ಗಾಡಿ ಕೆಟ್ಟು ನಿಂತಿದ್ದರೆ? ಜತ್ತದ ಗದ್ದಲದಲ್ಲಿ ಕುಸಿದು ಕೂತಿದ್ದರೆ? ಮಲ್ಲು ಹಿಂದಿನಿಂದ ಟೆಂಪೊ ತೆಗೆದುಕೊಂಡು ಹೋಗಿದ್ದಾನೆಯೇ ಎಂದು ಹಿತ್ತಲಿಗೆ ಹೋಗಿ ನೋಡಿ ಬಂದೆ. ಟೆಂಪೊ ನಿಂತಿತ್ತು. ಅದರೊಳಗೆ ಅವನು ಸ್ಟೇರಿಂಗಿಗೆ ತಲೆ ಹಚ್ಚಿಕೊಂಡು ಕೂತಿದ್ದ. ಕಡೆಗೆ ಸೊರಡಿಯಿಂದ ಫೋನು ಬಂತು. ಬೀಗಿತ್ತಿ ಮಾತಾಡಲಾರದೆ ಅಳುತ್ತಿದ್ದಳು. ಏನಾತ್ರಿ ಎಂದು ಕೂಗಿದೆ. "ಬಂದ್ಲ್ರೀ ಅಕ್ಕಾರ, ಒಬ್ಬಾಕೀನ ಬಂದ್ಲು!" ಎಂದು ಆಮೇಲೆ ಹೇಳಿದಳು. ಮೊದಲೇ ಹೇಳಬಾರದೇ!

ಇವತ್ತು ಬಂದ ಕೂಡಲೇ ಅವಳನ್ನು ಕೂರಿಸಿಕೊಂಡು ಪಾಟೀಸವಾಲು ಮಾಡಿದೆ. ಕೇಳದಿದ್ದರೆ ಹೇಗೆ?

"ನಿಮ್ಮಪ್ಪ ಜತ್ತದ ತನಕ ಬಂದಿದ್ದನೇನ? ಖರೇ ಹೇಳು."

"ಬರ್ತೀನಿ ಅಂದಿದ್ದ. ನಾನ ಬ್ಯಾಡಂದೆ."

"ಹೆದರಿಕಿ ಬರ್ಲಿಲ್ಲೇನ?"

"ಬಂತಲ್ಲರಿ. ಜತ್ತ ಸ್ಟ್ಯಾಂಡಿನ್ಯಾಗ ಬಂತು. ಬಾ, ಕುಂದ್ರು ಅಂದೆ. ಗಾಡಿ ಬಂತು, ನಾ ಹತ್ತಿದೆ, ಅದೂ ಹತ್ತಿತು. ದಾರಿನ್ಯಾಗ ಎಲ್ಲಿ ಇಳೀತೋ, ನಾ ನೋಡ್ಲೇ ಇಲ್ಲ. ಕಿಡಕಿಯಾಗ ಸಜ್ಜಿ ಬೆಳಿ ನೋಡಕೋತ ಕುಂತಿದ್ದೆ."

ಹೆದರಿಕೆ ಇನ್ನು ಎಂದೂ ಬರುವುದಿಲ್ಲ ಎಂದು ಡಾಕ್ಟರಬಾಯಿ ಹೇಳಿಲ್ಲ. ಬಂದರೆ ಬರಲಿ. ಹುಡುಗಿಗೆ ಈಗ ಅದರ ಗುರುತು ಸಿಕ್ಕಿದೆ.

ಕಸ್ತೂರಿ ಹೋಳಿಗೆ ಮಾಡಿದ್ದಳು. ಎಣ್ಣೆಗಾಯಿ ಬದನೆ, ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆನೆ ಮೊಸರು ಎಲ್ಲ ಇತ್ತು. ಸಂಜೆ ದೀಪ ಹಚ್ಚಿ ಎಲ್ಲರೂ ನಡುಮನೆಯಲ್ಲಿ ಕೂತೆವು. ಗಂಡಸರದು ಮೊದಲು ಹೆಂಗಸರದು ಆಮೇಲೆ ಎಂಬುದನ್ನು ಇವತ್ತು ಬಿಡಿ ಎಂದೆ, ಯಾರೂ ಬೇಡವೆನ್ನಲಿಲ್ಲ. ರೇಣು ರೂಢಿಯಂತೆ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಮಾವನ ಕಡೆ ಹೊರಟಳು.

ಬಸಪ್ಪ ತನ್ನ ತಾಟಿನ ಮೇಲೆ ಕೈ ಅಡ್ಡ ಹಿಡಿದ. "ದಾರಿ ಸವಸಿ ಊರಿಂದ ಬಂದವ್ರಿಗೆ ಮೊದಲ ನೀಡಬೇಕು. ನಮ್ಮ ಮನಿ ರೀತಿ ಇದು. ಕುಂದರು ನೀ" ಎಂದ.

ಈ ಮನೆಗೆ ನಾನು ಬಂದಾಗಿನಿಂದ ಆ ರೀತಿ ಇದೆ. ಪೇಟೆಯಿಂದ ಮಾವ ಬಂದರೆ ಮಾವನಿಗೆ, ಗಂಡ ಬಂದರೆ ಗಂಡನಿಗೆ, ಮಗ ಬಂದರೆ ಮಗನಿಗೆ. ಹೆಂಗಸಿನ ತಾಟಿಗೆ ಮೊದಲ ರೊಟ್ಟಿ ಬಿದ್ದದ್ದನ್ನು ನಾನು ನೋಡಿಲ್ಲ. ಹುಡುಗಿ ನಾಚಿಕೊಂಡು ಕೂತಳು. ಬುಟ್ಟಿ ನಾನೇ ತೆಗೆದುಕೊಂಡೆ. ಬಿಸಿ ರೊಟ್ಟಿ ಅವಳ ತಾಟಿಗೆ ಹಾಕಿದೆ, ಬದನೆಕಾಯಿ ಹಾಕಿದೆ, ಮೇಲೆ ಬೆಣ್ಣೆ ಇಟ್ಟೆ. ಆಮೇಲೆ ಬಸಪ್ಪನಿಗೆ, ಮಲ್ಲುವಿಗೆ, ಕಸ್ತೂರಿಗೆ, ಕಡೆಗೆ ನನಗೆ. ಎಲ್ಲರೂ ಕೂಡಿಯೇ ಉಂಡೆವು. ಜತ್ತದಲ್ಲಿ ಎಷ್ಟು ಜನವಿತ್ತು, ಯಾವ ಗಾಡಿ ತಡವಾಯಿತು, ಸೊರಡಿಯಲ್ಲಿ ಮಳೆ ಹೇಗಿದೆ ಎಂದು ಗಂಡಸರು ಅವಳನ್ನು ಕೇಳಿದರು. ಅವಳು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಹೇಳಿದಳು, ಮತ್ತೊಂದು ರೊಟ್ಟಿಗೆ ತಾಟು ಮುಂದೆ ಮಾಡಿದಳು.